ಮುಟ್ಟುವ ಮೊದಲು ಕೇಳಿ

ಹೆರಿಗೆ ಮಾಡಿಸಲು ಕಲಿಯುವ ಹುಡುಗಿಯ ಕೈ ಮೊದಲು ಪಳಗುತ್ತದೆ. ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಎನ್ನಬೇಕು, ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ಬೆರಳಲ್ಲೇ ಅಳೆಯಬೇಕು. ಆ ಕೈ ಯಾವಾಗ ತಡೆಯಬೇಕು ಎಂಬುದೂ ಅಷ್ಟೇ ದೊಡ್ಡ ಪಾಠ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಲ್ಲ ಪೊಲೀಸರ ಜೊತೆ ಆಸ್ಪತ್ರೆಗೆ ಬರುವುದಿಲ್ಲ. ಹೊಟ್ಟೆನೋವು, ಬಿಳಿಸೆರಗು, ಮುಟ್ಟು ನಿಂತಿದೆ ಎಂದು ಬರುವವರಿದ್ದಾರೆ. ಕೆಲವರು ಎಷ್ಟೋ ವರ್ಷಗಳ ಮೇಲೆ ಹೆರಿಗೆ ನೋವಿನಲ್ಲಿ ಬರುತ್ತಾರೆ; ಹಳೆಯ ಸಂಗತಿ ತಾಯಿ ಕಾರ್ಡಿನಲ್ಲಿ ಇರುವುದಿಲ್ಲ. ಪರೀಕ್ಷೆಗೆ ಕೈ ಚಾಚಿದೊಡನೆ ತೊಡೆ ಬಿಗಿಹಿಡಿದು, ಹಿಂದೆ ಸರಿದು, ಮಾತೇ ಕಟ್ಟಿದವಳನ್ನು ಗದರುವುದು ಹೆರಿಗೆ ಕೋಣೆಯ ಹಳೆಯ ಚಾಳಿ. ರೂಢಿಯಾಗಬೇಕಾದ ಮಾತು ಬೇರೆ: “ಅಕ್ಕಾ, ಈಗ ಒಳಗ ಬೆರಳಿಟ್ಟು ನೋಡಬೇಕ್ರಿ, ನೋಡ್ಲೇನ್ರಿ? ಬ್ಯಾಡ ಅಂದ್ರ ಕೈ ತಗೀತೀನಿ.” ಹೇಳಿದರೆ ಸಾಲದು, ಬ್ಯಾಡ ಎಂದಾಗ ಕೈ ತೆಗೆಯಲೂ ಬೇಕು. ಭಾಷಣ ಕೇಳಿ ಇದು ಬರುವುದಿಲ್ಲ. ಗೊಂಬೆಯ ಮೇಲೆ ಪರೀಕ್ಷೆ ಕಲಿಯುವಾಗಲೇ ಗೆಳತಿಯೊಬ್ಬಳು ಪಕ್ಕದಲ್ಲಿ ಕೂತು ‘ಬ್ಯಾಡ’ ಎನ್ನುತ್ತಿರಬೇಕು, ನಡುನಡುವೆ, ಹೇಳದೆ ಕೇಳದೆ.

ಈಗಷ್ಟೇ ದಾಳಿಗೊಳಗಾದವಳು ಬಂದರೆ ಚಿಕಿತ್ಸೆ ಮೊದಲು. ದೂರು ಕೊಟ್ಟಿದ್ದೀಯಾ ಎಂದು ಬಾಗಿಲಲ್ಲೇ ನಿಲ್ಲಿಸುವಂತಿಲ್ಲ. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂಬ ಕಾನೂನು 2013ರದು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಗುಳಿಗೆ ಬೇಗ ಕೊಟ್ಟಷ್ಟೂ ಒಳ್ಳೆಯದು, 5 ದಿನದವರೆಗೂ ಕೊಡಬಹುದು. ತೊಟ್ಟ ಬಟ್ಟೆಯನ್ನು ಗಾಳಿಗೆ ಆರಿಸಿ ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ.

ದೌರ್ಜನ್ಯಕ್ಕೆ ಒಳಗಾದವಳ ಯೋನಿಯಲ್ಲಿ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲೇ ಹೇಳಿತು. ಅದನ್ನು ಮಾಡುವುದು ದುರ್ನಡತೆ, ವೈದ್ಯಕೀಯ ಪಠ್ಯವನ್ನೂ ತಿದ್ದಿ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿತು. ಪರೀಕ್ಷೆ ಮಾಡಿ ಬರೆದುಕೊಡುವವರು ವೈದ್ಯರೇ. ಆದರೆ ಪಕ್ಕದಲ್ಲಿ ನಿಂತ ಸಿಸ್ಟರ್‌ಗೂ ಇದು ಗೊತ್ತಿರಬೇಕು.

‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವ ಆಸೆ ಎಳೆಯ ವಿದ್ಯಾರ್ಥಿನಿಗೆ ಸಹಜ. ಕೊಡಬಾರದು. ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. 18 ತುಂಬದ ಹುಡುಗಿಯಾದರೆ ಪೋಕ್ಸೊ ಕಾಯ್ದೆಯೂ ಅದನ್ನೇ ಹೇಳುತ್ತದೆ. ಇದನ್ನು ಅವಳಿಗೆ ಮುಂಚೆಯೇ ಹೇಳುವುದು ನೇರ ನಡೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಇನ್ನೊಂದು ತೊಡಕು ಇದೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಪುನರ್ವಸತಿ ಕೊಟ್ಟ ಊರುಗಳಿವು, ಮನೆಮಾತು ಬಂಗಾಳಿ. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಸಂತೆಯ ಕನ್ನಡ ಬಲ್ಲವಳಿಗೂ ಇಂಥ ಸಂಗತಿ ಹೇಳಲು ತಾಯಿಮಾತೇ ಬೇಕಾಗುತ್ತದೆ. ಆಗ ನಡುವೆ ನಿಂತು ಹೇಳುವವರು ಯಾರು? ಗಂಡ, ಅತ್ತೆ, ಓಣಿಯವರು ಬೇಡ; ತಪ್ಪು ಮಾಡಿದವನು ಅದೇ ಮನೆಯವನೋ ಓಣಿಯವನೋ ಆಗಿರಬಹುದು. ಆಶಾ ಕಾರ್ಯಕರ್ತೆಯೂ ಅದೇ ಊರಿನ ಸೊಸೆ ಎಂಬುದನ್ನು ಮರೆಯಬಾರದು. ಬೇರೆ ಊರಿನ ಹೆಂಗಸೊಬ್ಬಳು ಫೋನಿನಲ್ಲಿ ಹೇಳಿದರೂ ನಡೆದೀತು, ಅದೂ ನೊಂದವಳು ಒಪ್ಪಿದರೆ. ನೋವು, ಬೇಡ, ನಿಲ್ಲಿಸಿ ಎಂಬಷ್ಟನ್ನಾದರೂ ವಿದ್ಯಾರ್ಥಿನಿ ಬಂಗಾಳಿಯಲ್ಲಿ, ಲಂಬಾಣಿಯಲ್ಲಿ ಕಲಿತಿರಲಿ.

ಎಚ್‌ಐವಿ ಔಷಧಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಡಬ್ಬಿ ಅತ್ತೆಯ ಕಣ್ಣಿಗೆ ಬಿದ್ದರೆ ಏನು ಹೇಳುವುದು, ಎಲ್ಲಿಡುವುದು ಎಂದು ಕಳಿಸುವ ಮೊದಲೇ ಅವಳ ಜೊತೆ ಕೂತು ಮಾತಾಡಿಕೊಳ್ಳಬೇಕು. ಸಹಾಯವಾಣಿ 181ನ್ನು ಚೀಟಿಯಲ್ಲಿ ಬರೆದುಕೊಡದೆ ಬಾಯಿಪಾಠ ಮಾಡಿಸಿದರೆ ವಾಸಿ.