ಬಾಟಲಿಯಲ್ಲಿ ಕಾಣದ ಉಪ್ಪು

ಕಳೆದ ವರ್ಷ ಜನವರಿಯ ಒಂದು ಮಧ್ಯಾಹ್ನ. ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಊಟ ಮುಗಿಸಿ ಎದ್ದಿದ್ದೆವಷ್ಟೆ. ತಾರಸಿಯ ಅಡಿಯಿಂದ ಬಾಳೆಲೆಯಷ್ಟು ಅಗಲದ ಕಾಂಕ್ರೀಟ್ ಹೆಕ್ಕಳಿಕೆ ಕಳಚಿ, ಮೊಮ್ಮಗಳು ಕುಳಿತಿದ್ದ ಮಣೆಯ ಮೇಲೆಯೇ ಬಿತ್ತು. ಪುಣ್ಯಕ್ಕೆ ಅವಳು ಕೈ ತೊಳೆಯಲು ಹೋಗಿದ್ದಳು. ತಲೆಯೆತ್ತಿ ನೋಡಿದರೆ ಒಳಗಿನ ಸರಳುಗಳು ತುಕ್ಕು ಹಿಡಿದು ಊದಿಕೊಂಡಿದ್ದವು.

ಆ ತಾರಸಿ 1984ರದ್ದು. ಹೊಯ್ಗೆ ಅಳಿವೆಯ ಕಡೆಯಿಂದ ಬಂದಿತ್ತು. ಚೊಕ್ಕವಾಗಿ ಹೊಳೆಯುತ್ತಿತ್ತು, ಒಪ್ಪಿಕೊಂಡೆ. ನೇತ್ರಾವತಿ, ಫಲ್ಗುಣಿ ಎರಡೂ ನಮ್ಮೂರಲ್ಲೇ ಕಡಲು ಸೇರುತ್ತವೆ. ಬೇಸಗೆಯಲ್ಲಿ ಉಬ್ಬರದ ಉಪ್ಪುನೀರು ಹೊಳೆಯೊಳಗೆ ಏರುತ್ತದೆ, ಹೊಯ್ಗೆಗೂ ಉಪ್ಪು ಅಂಟುತ್ತದೆ. ಸಿಮೆಂಟಿನ ಕ್ಷಾರಗುಣ ಸರಳಿಗೆ ತೆಳುವಾದ ಪೊರೆಯೊಂದನ್ನು ಹೊದಿಸಿ ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಹರಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ.

ನಾನು ಬಿಕಾಂ ಓದಿದವ. ಆದರೂ ಹೊಸ ತಾರಸಿಗೆ ಹೊಯ್ಗೆ ಬಂದಾಗ ಈ ಸಲ ಕಣ್ಣನ್ನು ನಂಬಲಿಲ್ಲ. ಹಳೆಯ ಹಾರ್ಲಿಕ್ಸ್ ಬಾಟಲಿಯ ಅರ್ಧಕ್ಕೆ ಹೊಯ್ಗೆ, ಮೇಲೆ ನೀರು, ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಕುಲುಕಿದೆ.

"ಅಜ್ಜ, ಉಪ್ಪೇ ಶತ್ರು ಅಂದಿರಲ್ಲ?" ಎಂದಳು ಮೊಮ್ಮಗಳು.

ಇಲ್ಲಿ ಉಪ್ಪು ಕೆಸರನ್ನು ಬೇಗ ಕೆಳಗೆ ಇಳಿಸುತ್ತದೆ. ಮೂರು ಗಂಟೆ ಬಿಟ್ಟು ನೋಡಿದರೆ ಹೊಯ್ಗೆಯ ಮೇಲೆ ನುಣ್ಣನೆಯ ಕೆಸರಿನ ಪದರ. ಅವಳು ಸ್ಕೇಲ್ ಹಿಡಿದು ಅಳೆದಳು: ಹೊಯ್ಗೆ 60 ಮಿಲಿಮೀಟರ್, ಕೆಸರು 9. ನೂರಕ್ಕೆ ಎಂಟರ ಒಳಗಿದ್ದರೆ ಕಟ್ಟುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಇದು ಹದಿನೈದು! ಲೋಡು ವಾಪಸು ಹೋಯಿತು. ಲಾರಿಯವನ ಮುಖ ನೋಡಬೇಕಿತ್ತು.

ಎರಡನೆಯ ಲೋಡಿನದು ಬಾಟಲಿಯಲ್ಲಿ ಪಾಸಾಯಿತು. ಆದರೆ ಕರಗಿದ ಉಪ್ಪನ್ನು ಬಾಟಲಿ ತೋರಿಸುವುದಿಲ್ಲ. ಅದಕ್ಕೇ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದೆವು. ಅಲ್ಲಿ ಒಣಗಿಸಿದ ಹೊಯ್ಗೆಯನ್ನು ಒಂದರ ಮೇಲೊಂದು ಜೋಡಿಸಿದ ಜರಡಿಗಳಲ್ಲಿ ಅಲುಗಿಸುತ್ತಾರೆ. ಮೇಲಿನದರ ಕಣ್ಣು ದೊಡ್ಡದು, ಕೆಳಗಿಳಿದಂತೆ ಸಣ್ಣದು: 4.75 ಮಿಲಿಮೀಟರ್, 2.36, 1.18, ಹೀಗೆ 150 ಮೈಕ್ರಾನಿನವರೆಗೆ. 4.75ರಲ್ಲಿ ನಿಂತದ್ದು ಜಲ್ಲಿಯ ಲೆಕ್ಕ, ಇಳಿದದ್ದು ಹೊಯ್ಗೆಯ ಲೆಕ್ಕ. ಎಲ್ಲ ಕಾಳೂ ಒಂದೇ ಗಾತ್ರದವಾದರೆ ನಡುವೆ ಖಾಲಿ ಜಾಗ ಉಳಿಯುತ್ತದೆ, ಅದನ್ನು ತುಂಬಲು ಸಿಮೆಂಟ್ ಹೆಚ್ಚು ಬೇಕು. ದಪ್ಪ, ನಡುತರ, ಸಣ್ಣ ಬೆರೆತಿರಬೇಕು.

ನನಗೆ ಇಷ್ಟವಾದದ್ದು ಕೊನೆಯ ಕೆಲಸ. ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿ, ತಳದ ತಟ್ಟೆಯ ಹುಡಿಯನ್ನೂ ಸೇರಿಸಿ ಕೂಡಿದರೆ ಮೊದಲಿನ ತೂಕ ಬರಬೇಕು. ಸಂಜೆ ಕ್ಯಾಶ್ ಟ್ಯಾಲಿ ಮಾಡಿದ ಹಾಗೆಯೇ! ಇಲ್ಲಿ ಒಂದೆರಡು ಗ್ರಾಂ ಕಡಿಮೆಯಾದರೆ ಕ್ಷಮೆ ಉಂಟು. ನಮಗೆ ಒಂದು ರೂಪಾಯಿಗೂ ಇರಲಿಲ್ಲ.

ಜಲ್ಲಿಗೂ ಪರೀಕ್ಷೆ ಉಂಟು. ಚಪ್ಪಟೆ, ಉದ್ದನೆಯ ಕಲ್ಲು ಹೆಚ್ಚಿರಬಾರದು. ಸುಮಾರು 14 ಕಿಲೋ ತೂಕದ ಸುತ್ತಿಗೆಯನ್ನು 38 ಸೆಂಟಿಮೀಟರ್ ಎತ್ತರದಿಂದ 15 ಸಲ ಬೀಳಿಸಿ, ಎಷ್ಟು ಹುಡಿಯಾಯಿತೆಂದು ತೂಗುತ್ತಾರೆ. ವಾಹನ ಓಡುವ ಕಾಂಕ್ರೀಟ್ ರಸ್ತೆಯ ಜಲ್ಲಿಯಾದರೆ ನೂರಕ್ಕೆ 30ಕ್ಕಿಂತ ಹೆಚ್ಚು ಹುಡಿಯಾಗಬಾರದು. ಈ ವಿಧಾನಗಳನ್ನು ನಮ್ಮ ದೇಶದ ಮಾನಕ 1963ರಲ್ಲೇ ಬರೆದಿಟ್ಟಿದೆ. ನಾನು ಮನೆ ಕಟ್ಟಿಸುವಾಗ ಅದಕ್ಕೆ 21 ವರ್ಷ! ಕೇಳುವ ಬುದ್ಧಿ ನನಗೆ ಬರಲಿಲ್ಲ.

ಕ್ಲೋರೈಡಿನ ವರದಿ ಬರುವವರೆಗೆ ಮೇಸ್ತ್ರಿಯನ್ನು ತಡೆದು ನಿಲ್ಲಿಸಿದೆ. ಗೊಣಗಿದ. ವರದಿ ಬಂತು, ಉಪ್ಪು ಮಿತಿಯೊಳಗಿತ್ತು. ಮಾರನೆಯ ವಾರ ತಾರಸಿ ಹಾಕಿದೆವು.

ಬಾಟಲಿ ಈಗಲೂ ಕಿಟಕಿಯಲ್ಲಿದೆ. ಮಿಡಿ ಉಪ್ಪಿನಕಾಯಿಗೆ ಅದು ಬೇಕೆಂದು ಅಜ್ಜಿ ಕೇಳುತ್ತಿದ್ದಾಳೆ, ಮೊಮ್ಮಗಳು ಕೊಡುತ್ತಿಲ್ಲ.