ಕರಗುವ ಗೆರೆಯ ಬೆನ್ನು ಬಿಟ್ಟ ಲೆಕ್ಕ

ಮುಂಡಗೋಡದ ಟಿಬೆಟನ್ ಕಾಲೊನಿ ನೆಲೆಗೊಂಡದ್ದು 1966ರಲ್ಲಿ. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳ ಪರಂಪರೆಯಲ್ಲಿ ಬೆಣ್ಣೆಯಿಂದ ಹೂವು, ದೇವತೆಗಳನ್ನು ರೂಪಿಸುವ ಕಲೆಯೂ ಸೇರಿದೆ. ಹಿಮದ ನಾಡಿನಲ್ಲಿ ಹುಟ್ಟಿದ ಈ ಕಲೆ ಭಾರತದ ಸೆಕೆಗೆ ಬಂದ ಮೇಲೆ ಬೆಣ್ಣೆಗೆ ಮೇಣ, ವನಸ್ಪತಿ ಬೆರೆಸುವ ರೂಢಿ ಬೆಳೆಯಿತು. ಕಲಾವಿದರು ತಣ್ಣೀರಿನಲ್ಲಿ ಬೆರಳದ್ದುತ್ತಲೇ ಕೆಲಸ ಮಾಡುತ್ತಾರೆ. ಇಂಥ ಒಂದು ಎಸಳು ಬಿಸಿಲಿಗೆ ಬಿದ್ದರೆ ಯಾವ ಹೊತ್ತಿಗೆ ಎಷ್ಟು ಕರಗಿರುತ್ತದೆ?

ಕೇಳಲು ಸುಲಭ. ಉತ್ತರಿಸಲು ಮಾತ್ರ ಗಣಿತಜ್ಞರು ಸುಮಾರು ಎರಡು ಶತಮಾನ ಹೆಣಗಿದ್ದಾರೆ.

ತೊಡಕಿರುವುದು ಗಡಿಯಲ್ಲಿ. ಗಟ್ಟಿ ಮತ್ತು ದ್ರವದ ನಡುವಿನ ಗೆರೆ ಸರಿಯುತ್ತಲೇ ಇರುತ್ತದೆ. ಅದರ ಜಾಗ ತಿಳಿಯಲು ಉಷ್ಣಾಂಶ ಗೊತ್ತಿರಬೇಕು, ಉಷ್ಣಾಂಶ ತಿಳಿಯಲು ಆ ಗೆರೆ ಗೊತ್ತಿರಬೇಕು! 1831ರಲ್ಲಿ ಫ್ರಾನ್ಸಿನ ಲಾಮೆ ಮತ್ತು ಕ್ಲಪೇರಾನ್ ಇದಕ್ಕೆ ಕೈಹಾಕಿದರು. ಆರು ದಶಕಗಳ ಬಳಿಕ ವಿಯೆನ್ನಾದ ಯೋಸೆಫ್ ಸ್ಟೆಫಾನ್ ಧ್ರುವ ಸಮುದ್ರದ ಮಂಜುಗಡ್ಡೆಯ ಲೆಕ್ಕ ಹಾಕಿದರು: ದಪ್ಪ ಎರಡರಷ್ಟಾಗಲು ಕಾಲ ನಾಲ್ಕರಷ್ಟು ಬೇಕು. ಈ ಬಗೆಯ ಸಮಸ್ಯೆಗೆ ಅವರ ಹೆಸರೇ ನಿಂತಿತು. ಆದರೆ ಆ ಸೂತ್ರ ನಡೆಯುವುದು ಚಪ್ಪಟೆ ಮಂಜಿಗೆ. ನೂರು ಎಸಳಿನ ಹೂವಿಗಲ್ಲ.

ಕಂಪ್ಯೂಟರ್ ಬಂದ ಮೇಲೆ ಹೊಳೆದ ಒಂದು ದಾರಿ ಗೆರೆಯನ್ನೇ ಬೆನ್ನಟ್ಟುವುದು. ಆದರೆ ಎರಡು ಗೆರೆಗಳು ಕೂಡಿದರೆ, ಒಂದು ಗೆರೆ ಒಡೆದರೆ ಆ ದಾರಿ ಎಡವುತ್ತದೆ. ಎಂಥಾಲ್ಪಿ, ಅಂದರೆ ವಸ್ತುವಿನಲ್ಲಿರುವ ಒಟ್ಟು ಶಾಖದ ಲೆಕ್ಕ ಇಡುವ ವಿಧಾನದ ಜಾಣತನವೆಂದರೆ ಗೆರೆಯ ಗೊಡವೆಯನ್ನೇ ಬಿಡುವುದು. ವಸ್ತುವನ್ನು ಕದಲದ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕಕ್ಕೂ ಬ್ಯಾಂಕ್ ಖಾತೆಯಂತೆ ಶಾಖದ ಜಮಾ-ಖರ್ಚು ಬರೆದರಾಯಿತು. 0 ಡಿಗ್ರಿಯ ಒಂದು ಕಿಲೊ ಮಂಜು ಕರಗಲು ಬೇಕಾದ ಸುಮಾರು 334 ಕಿಲೊಜೂಲ್ ಶಾಖ ಅಷ್ಟೇ ನೀರನ್ನು 80 ಡಿಗ್ರಿಗೆ ಕಾಯಿಸಬಲ್ಲದು. ಇಷ್ಟು ದೊಡ್ಡ ಮೊತ್ತ ಖಾತೆಯಲ್ಲಿ ಎಷ್ಟು ತುಂಬಿದೆ ಎಂದು ನೋಡಿದರೆ ಚೌಕದಲ್ಲಿ ಎಷ್ಟು ಭಾಗ ಕರಗಿದೆ ಎಂಬುದು ತಾನಾಗಿ ಸಿಗುತ್ತದೆ.

ಆದರೆ ಮಂಜಿನಂತೆ ಬೆಣ್ಣೆಗೆ ಒಂದೇ ಕರಗುಬಿಂದುವಿಲ್ಲ, ಅದು ಹಲವು ಕೊಬ್ಬುಗಳ ಕೂಟ. ಬಹುಪಾಲು ಮಿಶ್ರಲೋಹಗಳೂ ಹಾಗೆಯೇ. ಗಟ್ಟಿ ಮತ್ತು ದ್ರವದ ನಡುವೆ ಅರೆಗಟ್ಟಿ ಪದರವೊಂದು ಇರುತ್ತದೆ. ವೋಲರ್ ಮತ್ತು ಪ್ರಕಾಶ್ 1987ರಲ್ಲಿ ಈ ಪದರವನ್ನು ರಂಧ್ರಮಯ ವಸ್ತುವೆಂದು ಭಾವಿಸಿ ದ್ರವದ ಹರಿವನ್ನೂ ಲೆಕ್ಕಕ್ಕೆ ತಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ದತ್ತ ಅವರ ತಂಡ ಎರಕ, ವೆಲ್ಡಿಂಗ್, ಶಾಖ ಸಂಗ್ರಹಗಳಲ್ಲಿ ಇದೇ ಜಾಡನ್ನು ಮುಂದುವರಿಸಿತು. ಮಿಶ್ರಲೋಹದ ಗುಪ್ತೋಷ್ಣವನ್ನು (ಕರಗಲು ಬೇಕಾದ ಶಾಖವನ್ನು) ಲೆಕ್ಕದ ಪ್ರತಿ ಸುತ್ತಿನಲ್ಲೂ ತಿದ್ದಿಕೊಳ್ಳಲು ಸುಮನ್ ಚಕ್ರವರ್ತಿ ಜತೆ ಅವರು ಕೊಟ್ಟ ಸಾಮಾನ್ಯ ಸೂತ್ರ 2001ರಲ್ಲಿ ಪ್ರಕಟವಾಯಿತು.

ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ ಎಂಥಾಲ್ಪಿ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಬಹುದು. ಒಂದು ಆಯಾಮದ ಲೆಕ್ಕಕ್ಕೆ ಎಕ್ಸೆಲ್ ಹಾಳೆ ಸಾಕು. ನೆನಪಿರಲಿ, ಸರಳ ವಿಧಾನದಲ್ಲಿ ಚೌಕದ ಅಗಲವನ್ನು ಅರ್ಧ ಮಾಡಿದರೆ ಕಾಲದ ಹೆಜ್ಜೆಯನ್ನು ಕಾಲುಭಾಗಕ್ಕೆ ಇಳಿಸಬೇಕು. ಇಲ್ಲದಿದ್ದರೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ.