ಕಂಟೇನರ್ ಅಳಿದರೂ ಡೇಟಾ ಉಳಿಯಲಿ

ಡಾಕರ್ ಕಂಟೇನರೊಂದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಅಳಿಸಿದರೆ ಮಾತ್ರ ಅದು ಬರೆದಿಟ್ಟದ್ದೆಲ್ಲ ಅದರ ಜತೆಗೇ ಹೋಗುತ್ತದೆ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಕಂಟೇನರ್ ಕಿತ್ತು ಹೊಸದನ್ನು ಹೂಡುವುದೇ ಇಲ್ಲಿನ ರೂಢಿಯಾದ್ದರಿಂದ, ಅಳಿಸುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ.

ಇದು ದೋಷವಲ್ಲ, ರಚನೆಯೇ ಹಾಗೆ. ಕಂಟೇನರಿಗೆ ಮೂಲವಾದ ಇಮೇಜ್‌ನಲ್ಲಿ ಪದರದ ಮೇಲೆ ಪದರ, ಎಲ್ಲವೂ ಓದಲಿಕ್ಕಷ್ಟೇ. ಅಚ್ಚಾದ ಪುಟದ ಮೇಲೆ ಪಾರದರ್ಶಕ ಹಾಳೆ ಹಾಸಿದಂತೆ ಪ್ರತಿ ಕಂಟೇನರಿಗೂ ಮೇಲೊಂದು ತೆಳು ಪದರ ಸಿಗುತ್ತದೆ. ಗೀಚುವುದೆಲ್ಲ ಅದರಲ್ಲೇ; ಕಂಟೇನರ್ ಅಳಿಸಿದರೆ ಆ ಪದರವೂ ಹೋಗುತ್ತದೆ. ಕೆಳಗಿನ ಫೈಲನ್ನು ತಿದ್ದಬೇಕೆಂದರೆ ಅದರ ನಕಲು ಮೊದಲು ಈ ಪದರಕ್ಕೆ ಬರಬೇಕು. ಒಂದೇ ಇಮೇಜಿನಿಂದ ಹತ್ತಾರು ಕಂಟೇನರ್ ನಡೆಸಿದರೂ ಡಿಸ್ಕ್ ತುಂಬದಿರುವುದು ಇದರಿಂದಲೇ.

ಡೇಟಾಬೇಸಿಗೆ ಈ ಏರ್ಪಾಡು ಒಗ್ಗದು. ಮೊದಮೊದಲು ಡೇಟಾ ಕಾಯುವುದಕ್ಕೆಂದೇ ಒಂದು ಕಂಟೇನರ್ ಇಟ್ಟುಕೊಳ್ಳುವ ಕಸರತ್ತು ನಡೆಯುತ್ತಿತ್ತು. 2015ರ ನವೆಂಬರಿನಲ್ಲಿ ಬಂದ ಡಾಕರ್ 1.9 ಅದಕ್ಕೆ ನೇರ ದಾರಿ ತೋರಿತು. ಟರ್ಮಿನಲ್‌ನಲ್ಲಿ ‘ಡಾಕರ್ ವಾಲ್ಯೂಮ್ ಕ್ರಿಯೇಟ್ ಅಂಗಡಿ’ ಎಂದು ಟೈಪಿಸಿದರೆ ಆತಿಥೇಯ ಯಂತ್ರದಲ್ಲಿ ಆ ಹೆಸರಿನ ಫೋಲ್ಡರ್ ಸಿದ್ಧ; ಇದೇ ವಾಲ್ಯೂಮ್. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ‘/ವಾರ್/ಲಿಬ್/ಡಾಕರ್/ವಾಲ್ಯೂಮ್ಸ್’ ಒಳಗಿರುತ್ತದೆ. ಮೈಎಸ್‌ಕ್ಯೂಎಲ್ ಕಂಟೇನರ್ ಶುರು ಮಾಡುವಾಗ ‘-ವಿ ಅಂಗಡಿ:/ವಾರ್/ಲಿಬ್/ಮೈಎಸ್‌ಕ್ಯೂಎಲ್’ ಸೇರಿಸಿದರೆ ಡೇಟಾಬೇಸಿನ ಬರವಣಿಗೆ ನೇರ ಅಲ್ಲಿಗೇ ಇಳಿಯುತ್ತದೆ.

ತೊಡಕು ಹೆಸರಿನಲ್ಲಿದೆ. ಒಂದಕ್ಷರ ತಪ್ಪಿಸಿ ಟೈಪಿಸಿದರೂ ಡಾಕರ್ ತಕರಾರು ತೆಗೆಯುವುದಿಲ್ಲ. ಆ ತಪ್ಪು ಹೆಸರಿನಲ್ಲೇ ಖಾಲಿ ವಾಲ್ಯೂಮ್ ಹುಟ್ಟಿಸಿ ಕೈಗಿಡುತ್ತದೆ. ಡೇಟಾ ಹಳೆಯ ಹೆಸರಿನಡಿ ಭದ್ರವಾಗಿದ್ದರೂ, ಬರಿದಾದ ಡೇಟಾಬೇಸ್ ಕಂಡವನ ಎದೆ ಧಸಕ್ಕೆನ್ನುತ್ತದೆ. ಹೆಸರನ್ನೇ ಕೊಡದಿದ್ದರೆ? ಮೈಎಸ್‌ಕ್ಯೂಎಲ್‌ನ ಅಧಿಕೃತ ಇಮೇಜ್ ತಾನಾಗಿ ಒಂದು ಅನಾಮಿಕ ವಾಲ್ಯೂಮ್ ಮಾಡಿಸಿಕೊಳ್ಳುತ್ತದೆ. 64 ಅಂಕಿ-ಅಕ್ಷರಗಳ ಅದರ ಗುರುತನ್ನು ನೆನಪಿಡುವವರು ಯಾರು! ಬಳಕೆಯಲ್ಲಿಲ್ಲದ ಅಂಥವು ‘ಡಾಕರ್ ವಾಲ್ಯೂಮ್ ಪ್ರೂನ್’ ಆದೇಶಕ್ಕೆ ಮೊದಲ ಬಲಿ. 23ನೇ ಆವೃತ್ತಿಯಿಂದೀಚೆಗೆ, ಬೇರೆ ಸೂಚನೆ ಇಲ್ಲದಿದ್ದರೆ, ಈ ಆದೇಶ ಹೆಸರಿಟ್ಟ ವಾಲ್ಯೂಮ್‌ಗಳನ್ನು ಮುಟ್ಟುವುದಿಲ್ಲ.

ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಕಂಪೋಸ್‌ನಲ್ಲಿ ‘ಡೌನ್’ ಎಂದರೆ ವಾಲ್ಯೂಮ್ ಉಳಿಯುತ್ತದೆ. ‘ಡೌನ್ -ವಿ’ ಎಂದರೆ ಮರುಮಾತು ಕೇಳದೆ ಅದನ್ನೂ ಅಳಿಸುತ್ತದೆ. ಕೈಯಾರೆ ಮೊದಲೇ ಸೃಷ್ಟಿಸಿ, ಕಂಪೋಸ್ ಫೈಲಿನಲ್ಲಿ ‘ಎಕ್ಸ್‌ಟರ್ನಲ್’ ಎಂದು ಬರೆದಿಟ್ಟ ವಾಲ್ಯೂಮನ್ನು ಮಾತ್ರ ಆ ‘-ವಿ’ ಕೂಡ ಅಳಿಸುವುದಿಲ್ಲ.